ಶಿರಾಡಿ ಘಾಟ್ ಇಳಿಯುವ ಮುಂಚೆ ಫ್ಯೂಸ್ ಬ್ಲಾಕ್ ಬಿಚ್ಚಿಸಿ ನೋಡಿ

ಮಳೆಗಾಲ ಶುರುವಾದರೆ ಬೆಂಗಳೂರಿಂದ ಸಕಲೇಶಪುರದ ಕಡೆ ಬೈಕಲ್ಲಿ ಹೊರಡುವವರು ಜಾಸ್ತಿ. ಹೊರಡುವ ಮುಂಚೆ ಫಾಗ್ ಲೈಟ್, ಮೊಬೈಲ್ ಚಾರ್ಜರ್, ಜೋರು ಹಾರ್ನ್ ಹಾಕಿಸಿಕೊಳ್ಳುವವರೂ ಜಾಸ್ತಿ. ದಾರಿ ಯಾವುದು, ಏನೇನು ನೋಡಬೇಕು ಅನ್ನೋದು ಎಲ್ಲ ಕಡೆ ಸಿಗುತ್ತದೆ, ಅದನ್ನು ಬಿಡುತ್ತೇನೆ. ಇವಕ್ಕೆಲ್ಲ ಬೇರೆ ಬೇರೆ ಫ್ಯೂಸ್ ಹಾಕುವ ಡಬ್ಬಿಗೆ ಫ್ಯೂಸ್ ಬ್ಲಾಕ್ ಅಂತಾರೆ. ಅಂಗಡಿಯವರು ಕೂರಿಸಿಕೊಟ್ಟ ಆ ಬ್ಲಾಕನ್ನು ಎದುರಿಗೇ ಬಿಚ್ಚಿಸಿ ನೋಡದೆ ಘಾಟ್ ಇಳಿಯಬೇಡಿ ಅಂತ ಹೇಳುವುದಕ್ಕೆ ಇಷ್ಟು ಬರೆಯುತ್ತಿದ್ದೇನೆ.

ನನ್ನದು 350 ಸಿಸಿ ಬೈಕ್. ಜೆಸಿ ರಸ್ತೆಯ ಆಸುಪಾಸಿನ ಒಂದು ಅಂಗಡಿಯಲ್ಲಿ ಎರಡು ಫಾಗ್ ಲೈಟ್, ಒಂದು ಯುಎಸ್‌ಬಿ ಚಾರ್ಜರ್, ಒಂದು ಜೋಡಿ ಹಾರ್ನ್ ಹಾಕಿಸಿದೆ. ಲೈಟಿನ ದುಡ್ಡು ಬೇರೆ. ಆರು ಫ್ಯೂಸ್ ಕೂರುವ ಬ್ಲಾಕ್, ರಿಲೇ (ಸಣ್ಣ ಕರೆಂಟಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್), ಒಳ್ಳೆ ವೈರ್, ಲೇಬರ್ ಅಂತ 4,800 ರೂಪಾಯಿ ತೆಗೆದುಕೊಂಡರು. ಕೆಲಸ ಮುಗಿದ ಮೇಲೆ ಸೀಟ್ ಎತ್ತಿ ತೋರಿಸಿದರು. ಕಪ್ಪು ಡಬ್ಬಿ, ಮೇಲೆ ಪಾರದರ್ಶಕ ಮುಚ್ಚಳ, ಒಳಗೆ ಸಾಲಾಗಿ ಬಣ್ಣಬಣ್ಣದ ಫ್ಯೂಸ್. ಪಕ್ಕದಲ್ಲಿ ರಿಲೇ. ಲೈಟ್ ಹಾಕಿದರೆ ಉರಿಯಿತು, ಹಾರ್ನ್ ಹೊಡೆದರೆ ಕೂಗಿತು. ನೋಡುವುದಕ್ಕೆ ಎಲ್ಲ ಸರಿಯಾಗಿಯೇ ಇತ್ತು.

ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ. ರಸ್ತೆ ಚೆನ್ನಾಗಿದೆ, ಹೇಳುವಂಥದ್ದೇನೂ ಇಲ್ಲ. ಹಿಂದೆ ನನ್ನ ತಮ್ಮ ಕೂತಿದ್ದ. ಸಕಲೇಶಪುರದಲ್ಲಿ ಕಾಫಿ ಕುಡಿದು ಶಿರಾಡಿ ಘಾಟಿನಲ್ಲಿ ಗುಂಡ್ಯ ಕಡೆ ಇಳಿಯಲು ಹೊರಟೆವು, ರಾತ್ರಿ ಸುಬ್ರಹ್ಮಣ್ಯದಲ್ಲಿ ಉಳಿಯುವ ಲೆಕ್ಕ. ಸಂಜೆಗೇ ಮೋಡ ಕವಿದು ಪೂರ್ತಿ ಕತ್ತಲಾಗಿತ್ತು. ದೋಣಿಗಲ್ ದಾಟಿ ಸ್ವಲ್ಪ ದೂರ ಹೋಗಿದ್ದೆವು. ಎಡಕ್ಕೊಂದು ತಿರುವು. ಹ್ಯಾಂಡಲ್ ತಿರುಗಿಸಿದ್ದೇ ತಡ, ಫಾಗ್ ಲೈಟ್ ಹೋಯಿತು, ಹೆಡ್‌ಲೈಟೂ ಹೋಯಿತು, ಹಾರ್ನ್ ಸುಮ್ಮನಾಯಿತು. ಎಂಜಿನ್ ಮಾತ್ರ ಓಡುತ್ತಿತ್ತು. ಎದುರಿಗೆ ಟ್ಯಾಂಕರ್‌ಗಳ ಸಾಲು, ಪಕ್ಕದಲ್ಲಿ ಪ್ರಪಾತ, ಮುಂದೆ ಮಂಜು.

ಶಿರಾಡಿಯಲ್ಲಿ ಹಗಲು ಹೊತ್ತಿನಲ್ಲೇ ಮಂಗಳೂರಿನ ಟ್ಯಾಂಕರ್‌ಗಳು ಮೈಮೇಲೆ ಬಂದ ಹಾಗೆ ಬರುತ್ತವೆ. ಆ ರಸ್ತೆಯಲ್ಲಿ ದೀಪ ಇಲ್ಲದ ಬೈಕ್ ಯಾರ ಕಣ್ಣಿಗೂ ಬೀಳುವುದಿಲ್ಲ. ಇಂಡಿಕೇಟರ್ ಇನ್ನೂ ಉರಿಯುತ್ತಿತ್ತು. ಅದನ್ನು ಹಾಕಿಕೊಂಡು ಬದಿಯಲ್ಲಿ ನಿಂತೆವು. ತಮ್ಮ ಮೊಬೈಲ್ ಟಾರ್ಚ್ ಹಿಡಿದ. ಸಕಲೇಶಪುರದ ಕಡೆ ಒಂದು ಕೆಂಪು ಬಸ್ಸು ಬಂತು. ಅದರ ಹಿಂದೇ ಅಂಟಿಕೊಂಡು, ಅದರ ದೀಪವನ್ನೇ ನೋಡಿಕೊಂಡು ವಾಪಸ್ ಮೇಲಕ್ಕೆ ಹತ್ತಿದೆವು. ಅಷ್ಟು ಹೆದರಿಕೆ ನನಗೆ ಬೈಕ್ ಮೇಲೆ ಯಾವತ್ತೂ ಆಗಿರಲಿಲ್ಲ.

ರೂಮಿನ ವಿಷಯ ಎರಡೇ ಮಾತು. ಶನಿವಾರ ರಾತ್ರಿ ನೆನೆದುಕೊಂಡು ಬಾಗಿಲಿಗೆ ಬಂದವರಿಗೆ ಎಷ್ಟು ಬೇಕಾದರೂ ಹೇಳುತ್ತಾರೆ. ಗೋಡೆಯಲ್ಲಿ ನೀರು ಜಿನುಗುತ್ತಿದ್ದ ರೂಮಿಗೆ 2,600 ಕೊಟ್ಟೆವು.

ಆದರೆ ಬೆಳಗ್ಗೆ ತಿಂದ ತಿಂಡಿ ಮರೆಯುವ ಹಾಗಿಲ್ಲ. ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ ಒಂದು ಗಲ್ಲಿ. ಬೋರ್ಡ್ ಇಲ್ಲದ ಹೋಟೆಲು. ಮನೆಯ ಮುಂದಿನ ಜಗಲಿಗೆ ಶೀಟ್ ಹಾಕಿ ಎರಡು ಬೆಂಚ್ ಇಟ್ಟಿದ್ದಾರೆ, ಅಷ್ಟೇ. ಗಂಡ ಕಾಫಿ ಕೊಡುತ್ತಾರೆ, ಹೆಂಡತಿ ರೊಟ್ಟಿ ತಟ್ಟುತ್ತಾರೆ. ಬೆಂಗಳೂರಿನ ದಪ್ಪ ಅಕ್ಕಿ ರೊಟ್ಟಿ ಅಲ್ಲ ಅದು. ಬೇಯಿಸಿದ ಹಿಟ್ಟು ನಾದಿ, ತೆಳ್ಳಗೆ ಮಾಡಿ, ಕಾವಲಿಯಲ್ಲಿ ಒಂದು ಸುತ್ತು ಬಾಡಿಸಿ ಕೆಂಡದ ಮೇಲೆ ಇಡುತ್ತಾರೆ. ಪೂರ್ತಿ ಉಬ್ಬಿಕೊಂಡು, ಅಲ್ಲಲ್ಲಿ ಕಪ್ಪು ಚುಕ್ಕೆ ಬಂದ ಮೇಲೆ ತಟ್ಟೆಗೆ ಬರುತ್ತದೆ. ಜೊತೆಗೆ ಹುಚ್ಚೆಳ್ಳು ಚಟ್ನಿ, ಒಂದು ಸೌಟು ಕಳಲೆ ಸಾರು. ಕಳಲೆ ಮಳೆಗಾಲದಲ್ಲಿ ಮಾತ್ರ ಸಿಗುವುದು. "ಬಿಸಿ ಇರುವಾಗ್ಲೇ ತಿನ್ನಿ, ಆರಿದ್ರೆ ಗಟ್ಟಿ ಆಗುತ್ತೆ" ಅಂತ ಅಮ್ಮ ಕೇಳದೆಯೇ ಇನ್ನೊಂದು ಹಾಕಿದರು. ನೆನೆದಿದ್ದ ತಮ್ಮನ ಜಾಕೆಟ್ಟನ್ನು ಒಲೆಯ ಹಿಂದಿನ ಹಗ್ಗಕ್ಕೆ ಹಾಕಿಕೊಟ್ಟರು. ಇಬ್ಬರೂ ಹೊಟ್ಟೆ ತುಂಬಾ ತಿಂದು, ಎರಡೆರಡು ಕಾಫಿ ಕುಡಿದು ಕೊಟ್ಟಿದ್ದು 160 ರೂಪಾಯಿ. ಎಂಟೂವರೆಯೊಳಗೆ ಹೋಗಿ, ಆಮೇಲೆ ಹಿಟ್ಟು ಮುಗಿದಿರುತ್ತದೆ. ಹೈವೇಯ ದೊಡ್ಡ ಹೋಟೆಲುಗಳಲ್ಲಿ ಟೋಕನ್ ಹಿಡಿದು ನಿಲ್ಲುವುದಕ್ಕಿಂತ ಇಲ್ಲಿಗೆ ಬರುವುದು ಎಷ್ಟೋ ವಾಸಿ.

ಆಟೊ ಎಲೆಕ್ಟ್ರಿಷಿಯನ್ ಎಲ್ಲಿ ಸಿಗುತ್ತಾರೆ ಅಂತ ಹೇಳಿದ್ದೂ ಅವರೇ. ಭಾನುವಾರ ಆಗಿದ್ದರೂ ಆ ಎಲೆಕ್ಟ್ರಿಷಿಯನ್ ಅಣ್ಣನ ಶೆಡ್ ತೆರೆದಿತ್ತು. ಲಾರಿ, ಜೀಪುಗಳ ವೈರಿಂಗ್ ಮಾಡುವವರು. ಸೀಟ್ ಬಿಚ್ಚಿ, ಟೇಪ್ ಕತ್ತರಿಸಿ, ಒಂದೊಂದೇ ವೈರ್ ಎಳೆದು ನೋಡಿದರು. ಆಮೇಲೆ ರಿಲೇಯನ್ನು ಕೈಗೆ ಕೊಟ್ಟರು.

"ನೋಡಿ ಸಾರ್, ನಾಲ್ಕು ಕಾಲಿದೆ. ಒಂದಕ್ಕಾದ್ರೂ ವೈರ್ ಇದೆಯಾ?"

ಇರಲಿಲ್ಲ. 30, 85, 86, 87 ಅಂತ ಅಚ್ಚೊತ್ತಿದ ಹಿತ್ತಾಳೆ ಕಾಲುಗಳು ಹೊಸದಾಗಿ ಹೊಳೆಯುತ್ತಿದ್ದವು. ಸುಮ್ನೆ ತೋರಿಕೆಗೆ ಟೇಪ್ ಸುತ್ತಿ ಇಟ್ಟಿದ್ದರು. ಫ್ಯೂಸ್ ಡಬ್ಬಿಗೆ ಬ್ಯಾಟರಿಯಿಂದ ವೈರೇ ಬಂದಿರಲಿಲ್ಲ. ಹೆಡ್‌ಲೈಟಿನ ಪ್ಲಸ್ ವೈರನ್ನು ಸುಲಿದು, ಅದಕ್ಕೆ ಒಂದು ತೆಳು ವೈರ್ ಹೊಸೆದು, ಅದರಿಂದಲೇ ಡಬ್ಬಿಗೆ ಕರೆಂಟ್ ಕೊಟ್ಟಿದ್ದರು. ಆಚೆ ಕಡೆ ಲೈಟು, ಚಾರ್ಜರು, ಹಾರ್ನು ಮೂರನ್ನೂ ಒಂದೇ ಗಂಟಲ್ಲಿ ಕಟ್ಟಿದ್ದರು. ಆ ಗಂಟು ಹಸಿರು ಬಣ್ಣದ 30 ಆಂಪ್ ಫ್ಯೂಸಿನ ಮೇಲೆ ಕೂತಿತ್ತು. ಉಳಿದ ಐದು ಫ್ಯೂಸಿಗೆ ಕೆಲಸವೇ ಇರಲಿಲ್ಲ. ಹ್ಯಾಂಡಲ್ ತಿರುಗುವ ಕತ್ತಿನ ಹತ್ತಿರ ವೈರಿನ ಮೇಲೆ ಹೊದಿಸುವ ಕೊಳವೆ, ಅಂದರೆ ಸ್ಲೀವ್, ಹಾಕಿರಲಿಲ್ಲ. ಉಜ್ಜಿ ಉಜ್ಜಿ ಪ್ಲಾಸ್ಟಿಕ್ ಹರಿದು, ತಾಮ್ರ ಫ್ರೇಮಿಗೆ ತಾಗಿ ಶಾರ್ಟ್ ಆಗಿತ್ತು. ಆಗ ಹಾರಿದ್ದು ಹೊಸ ಡಬ್ಬಿಯ ಫ್ಯೂಸ್ ಅಲ್ಲ, ಬೈಕಿನ ಜೊತೆ ಬಂದ ಕಂಪನಿ ಫ್ಯೂಸ್. ಅದಕ್ಕೇ ಹೆಡ್‌ಲೈಟೂ ಹೋಗಿದ್ದು.

ಫ್ಯೂಸ್ ಇರುವುದು ವೈರನ್ನು ಕಾಯುವುದಕ್ಕೆ. ತೆಳು ವೈರಿಗೆ 30 ಆಂಪ್ ಫ್ಯೂಸ್ ಹಾಕಿದರೆ ಮೊದಲು ಬೇಯುವುದು ವೈರ್, ಫ್ಯೂಸ್ ಅಲ್ಲ. ಪೆಟ್ರೋಲ್ ಟ್ಯಾಂಕಿನ ಕೆಳಗೆ ಹಾಗಾದರೆ ಏನಾಗಬಹುದು ಅಂತ ಯೋಚಿಸಿ. ದುಡ್ಡು ಹೋಗಿದ್ದಕ್ಕಿಂತ ನನಗೆ ಸಿಟ್ಟು ಬಂದಿದ್ದು ಇದಕ್ಕೆ.

ಅಣ್ಣ ಮಾಡಿದ ಕೆಲಸವನ್ನು ಪಕ್ಕದಲ್ಲೇ ನಿಂತು ನೋಡಿದೆ. ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿದರು, ಆಮೇಲೆ ಪ್ಲಸ್. ಉಲ್ಟಾ ಮಾಡಿದರೆ ಪ್ಲಸ್ ಮೇಲಿರುವ ಸ್ಪ್ಯಾನರ್ ಫ್ರೇಮಿಗೆ ತಾಗಿ ಕಿಡಿ ಹಾರುತ್ತದೆ. ಹೆಡ್‌ಲೈಟಿನ ಹೊಸೆತ ಬಿಡಿಸಿ ಕಂಪನಿ ವೈರನ್ನು ಬೆಸುಗೆ ಹಾಕಿ ಮೊದಲಿನ ಹಾಗೆ ಮಾಡಿದರು. ಬ್ಯಾಟರಿ ಪ್ಲಸ್‌ನಿಂದ 2.5 ಚದರ ಎಂಎಂ ವೈರ್ ಎಳೆದು, ಬ್ಯಾಟರಿಯಿಂದ ಒಂದು ಗೇಣಿನೊಳಗೇ 20 ಆಂಪಿನ ಮೈನ್ ಫ್ಯೂಸ್ ಕೂರಿಸಿದರು. ಫ್ಯೂಸಿಗಿಂತ ಮುಂಚಿನ ವೈರನ್ನು ಯಾರೂ ಕಾಯುವುದಿಲ್ಲ, ಅದಕ್ಕೇ ಅದು ಚಿಕ್ಕದಾಗಿರಬೇಕು. ಅಲ್ಲಿಂದ ರಿಲೇಯ 30ಕ್ಕೆ, 87ರಿಂದ ಫ್ಯೂಸ್ ಬ್ಲಾಕಿಗೆ. ಕೀ ಆನ್ ಮಾಡಿದಾಗ ಮಾತ್ರ ಕರೆಂಟ್ ಬರುವ ಟೇಲ್ ಲೈಟ್ ವೈರಿಂದ ಸಣ್ಣದೊಂದು ಕವಲು 86ಕ್ಕೆ, 85 ಬ್ಯಾಟರಿ ಮೈನಸ್‌ಗೆ. 85, 86ರ ನಡುವೆ ಇರುವ, ರಿಲೇಯನ್ನು ಆನ್ ಮಾಡುವ ಕಾಯಿಲ್ ಎಳೆಯುವ ಕರೆಂಟ್ ತೀರಾ ಕಡಿಮೆ, ಹಾಗಾಗಿ ಆ ಕವಲಿಂದ ಟೇಲ್ ಲೈಟಿಗೆ ತೊಂದರೆ ಇಲ್ಲ. ಕೀ ತೆಗೆದರೆ ಇಡೀ ಬ್ಲಾಕ್ ಬಂದ್. ಇದಿಲ್ಲದೆ ನೇರ ಬ್ಯಾಟರಿಗೆ ಕೊಟ್ಟು ಲೈಟ್ ಆರಿಸುವುದು ಮರೆತರೆ, 8 ಆಂಪ್ ಅವರ್ ಬ್ಯಾಟರಿ ಎರಡು ಮೂರು ಗಂಟೆಯಲ್ಲಿ ಡೌನ್.

ಯಾವುದಕ್ಕೆ ಎಷ್ಟರ ಫ್ಯೂಸ್ ಅನ್ನೋ ಲೆಕ್ಕ ಸುಲಭ. ವ್ಯಾಟನ್ನು 12ರಿಂದ ಭಾಗಿಸಿದರೆ ಆಂಪ್. ನನ್ನ ಎರಡು ಲೈಟು ಸೇರಿ 40 ವ್ಯಾಟ್, ಅಂದರೆ 3.3 ಆಂಪ್, ಅದಕ್ಕೆ 5ರ ಫ್ಯೂಸ್. ಚಾರ್ಜರ್ 18 ವ್ಯಾಟ್, ಒಂದೂವರೆ ಆಂಪ್, ನೇರಳೆ ಬಣ್ಣದ 3ರ ಫ್ಯೂಸ್ ಸಾಕು. ಹಾರ್ನಿಗೆ ಬೇರೆಯೇ ರಿಲೇ, ಬೇರೆಯೇ ಫ್ಯೂಸ್. ಈಗ ಚಾರ್ಜರ್‌ಗೆ ನೀರು ಹೋದರೆ ಚಾರ್ಜರ್ ಮಾತ್ರ ಸಾಯುತ್ತದೆ, ದೀಪ ಉರಿಯುತ್ತಲೇ ಇರುತ್ತದೆ. ಘಾಟಿನಲ್ಲಿ ಬೇಕಾಗಿರುವುದು ಇದೇ ಅಲ್ವಾ? ಎಲ್ಲ ಮೈನಸ್ ವೈರುಗಳನ್ನು ಬಣ್ಣ ಬಳಿದ ಫ್ರೇಮಿಗೆ ಬಿಗಿಯದೆ ವಾಪಸ್ ಬ್ಯಾಟರಿ ಮೈನಸ್‌ಗೇ ತಂದರು. ಹ್ಯಾಂಡಲ್ ಕತ್ತಿನಲ್ಲಿ ಸ್ಲೀವ್ ಹಾಕಿ, ಎರಡೂ ಕಡೆ ಪೂರ್ತಿ ತಿರುಗಿಸಿ ಎಳೆತ ಬರದಷ್ಟು ಸಡಿಲ ಬಿಟ್ಟರು. ಬ್ಲಾಕ್ ಮತ್ತು ರಿಲೇ ನನ್ನವೇ. ವೈರ್, ಹೊಸ ಫ್ಯೂಸು, ಇನ್ನೊಂದು ರಿಲೇ, ಅರ್ಧ ದಿನದ ಕೆಲಸ ಸೇರಿ 1,400 ರೂಪಾಯಿ.

ಕೊನೆಗೆ ವೋಲ್ಟ್ ಅಳೆಯುವ ಮಲ್ಟಿಮೀಟರ್ ಇಟ್ಟು ತೋರಿಸಿದರು. ಎಂಜಿನ್ ಆಫ್ ಇದ್ದಾಗ 12.6 ವೋಲ್ಟ್. ಎಂಜಿನ್ ಓಡಿಸಿ, ಎಲ್ಲ ದೀಪ ಹಾಕಿ, ಸ್ವಲ್ಪ ರೇಸ್ ಕೊಟ್ಟಾಗ 13.8. ಎಂಜಿನ್ ಓಡುತ್ತಿದ್ದರೂ 13ಕ್ಕಿಂತ ಕೆಳಗೇ ನಿಂತರೆ ಲೋಡ್ ಜಾಸ್ತಿಯಾಗಿದೆ ಅಂತ ಅರ್ಥ. 2017ರ ಏಪ್ರಿಲ್‌ನಿಂದ ಬಂದ ಬೈಕುಗಳಲ್ಲಿ ಹೆಡ್‌ಲೈಟ್ ಯಾವಾಗಲೂ ಉರಿಯುತ್ತದೆ, ಅದರ ಲೋಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಬೆಂಗಳೂರಲ್ಲೇ ಮಾಡಿಸುವವರು ಸಾಮಾನನ್ನು ಎಸ್‌ಪಿ ರಸ್ತೆಯಲ್ಲಿ ನೀವೇ ಕೊಳ್ಳಿ. ಬೈಕ್ ತೆಗೆದುಕೊಂಡು ಹೋಗಬೇಡಿ, ನಿಲ್ಲಿಸುವುದಕ್ಕೆ ಜಾಗ ಸಿಗುವುದಿಲ್ಲ. ಚಿಕ್ಕಪೇಟೆ ಮೆಟ್ರೊದಲ್ಲಿ ಇಳಿದು ನಡೆದರೆ ಸಾಕು. ನನಗೆ ಜನಜಂಗುಳಿ ಆಗುವುದಿಲ್ಲ, ಹಾಗಾಗಿ ಮಂಗಳವಾರ, ಬುಧವಾರ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಹೋಗಿ ಅಂತಲೇ ಹೇಳುತ್ತೇನೆ. ಭಾನುವಾರ ಬಹುತೇಕ ಅಂಗಡಿ ಮುಚ್ಚಿರುತ್ತವೆ. ಮಲ್ಟಿಮೀಟರ್, ಲಗ್ (ವೈರಿನ ತುದಿಗೆ ಹಾಕುವ ಲೋಹದ ಕೊಂಡಿ), ಸ್ಲೀವ್, ವೈರ್ ಎಲ್ಲ ಅಲ್ಲೇ ಸಿಗುತ್ತವೆ. ವೈರಿನ ತುದಿ ಸುಲಿಸಿ ತಾಮ್ರ ನೋಡಿ ಕೊಳ್ಳಿ, ತಾಮ್ರದ ಬಣ್ಣದ ಅಲ್ಯೂಮಿನಿಯಂ ವೈರೂ ಮಾರುತ್ತಾರೆ. ಅದನ್ನು ಬ್ಲೇಡಲ್ಲಿ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಲೈಟಿನ ಮುಖ ರಸ್ತೆಯ ಕಡೆ ಬಾಗಿರಲಿ. 2024ರ ಜುಲೈನಿಂದ ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ನಮ್ಮ ಪೊಲೀಸರು ಕೇಸ್ ಹಾಕುತ್ತಿದ್ದಾರೆ, ಎದುರಿಗೆ ಬರುವವರಿಗೂ ಅದು ಅಪಾಯ.

ಇನ್ನು ಶಿರಾಡಿಯನ್ನು ಮಳೆಗಾಲದಲ್ಲಿ ಕತ್ತಲಾದ ಮೇಲೆ ಇಳಿಯುವ ಯೋಚನೆಯನ್ನೇ ಬಿಡಿ. 2024ರ ಜುಲೈನಲ್ಲಿ ಗುಡ್ಡ ಕುಸಿದು ಅಲ್ಲಿ ರಸ್ತೆ ಬಂದ್ ಆಗಿತ್ತು. ಬೆಳಗ್ಗೆ ಇಳಿಯಿರಿ. ಸಕಲೇಶಪುರದ ಹತ್ತಿರದ ಮಂಜರಾಬಾದ್ ಕೋಟೆಗೆ ವಾರದ ದಿನ ಹೋಗಿ, ಭಾನುವಾರ ಅಲ್ಲಿ ನಿಲ್ಲುವುದಕ್ಕೂ ಜಾಗ ಇರುವುದಿಲ್ಲ.

ವಾಪಸ್ ಬಂದ ಮೇಲೆ ಬಿಚ್ಚಿದ ವೈರುಗಳನ್ನು ಕವರಲ್ಲಿ ಹಾಕಿಕೊಂಡು ಆ ಅಂಗಡಿಗೆ ಹೋದೆ. ಬಿಲ್ಲಲ್ಲಿ ಬರೆದಿದ್ದು "ಲೈಟ್ ಫಿಟ್ಟಿಂಗ್" ಅಂತ ಮಾತ್ರ. ರಿಲೇ ಕನೆಕ್ಷನ್ ಕೊಡುತ್ತೇವೆ ಅಂತ ಹೇಳಿಯೇ ಇಲ್ಲ ಅಂತ ವಾದಿಸಿದರು. ಬಹಳ ಹೊತ್ತು ನಿಂತು ಕೇಳಿದ ಮೇಲೆ 2,000 ವಾಪಸ್ ಕೊಟ್ಟರು. ನೀವು ದುಡ್ಡು ಕೊಡುವ ಮುಂಚೆ ಬಿಲ್ಲಲ್ಲಿ ಫ್ಯೂಸ್ ಬ್ಲಾಕ್, ರಿಲೇ, ಮೈನ್ ಫ್ಯೂಸ್, ವೈರಿನ ದಪ್ಪ ಎಲ್ಲವನ್ನೂ ಬೇರೆ ಬೇರೆಯಾಗಿ ಬರೆಸಿ. ಟೇಪ್ ಸುತ್ತುವ ಮುಂಚೆ ಫೋಟೊ ತೆಗೆದಿಟ್ಟುಕೊಳ್ಳಿ. ಅಂಗಡಿಯವರು ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಬಹುದು. ಅಂಥ ಬಿಲ್ ಕೈಯಲ್ಲಿದ್ದರೆ ಆ ದೂರಿಗೆ ಬಲ.