ಬರ್ಸ್ಟ್ ತಗ್ಗಿಸಲು ಪಾಲಿಮರ್ ಬದಲಿಸಿದರೆ ಸಾಲದು

ಚುಚ್ಚುಮದ್ದಾಗಿ ಕೊಡುವ ಪಾಲಿಮರ್ ಸೂಕ್ಷ್ಮಕಣಗಳಿಂದ ತಿಂಗಳಿಡೀ ನಿಧಾನವಾಗಿ ಹೊರಬರಬೇಕಾದ ಪೆಪ್ಟೈಡ್ (ಚಿಕ್ಕ ಪ್ರೋಟೀನಿನಂಥ ಔಷಧ) ಮೊದಲ 24 ಗಂಟೆಯಲ್ಲೇ ಮೂರನೇ ಒಂದು ಪಾಲು ಹೊರಬಂದರೆ (ಇದೇ ಬರ್ಸ್ಟ್), ಹೆಚ್ಚಿನವರು ಲ್ಯಾಕ್ಟೈಡ್, ಗ್ಲೈಕೋಲೈಡ್ 50:50 ಪಾಲಿನಲ್ಲಿರುವ ಪಾಲಿಮರ್ ಪಿಎಲ್‌ಜಿಎ ಬಿಟ್ಟು 75:25 ತರಿಸುತ್ತಾರೆ. ನನಗೆ ಇದು ಸರಿಯಾದ ಮೊದಲ ಹೆಜ್ಜೆ ಅನಿಸುವುದಿಲ್ಲ. ಲ್ಯಾಕ್ಟೈಡ್ ಹೆಚ್ಚಿದಷ್ಟೂ ಪಾಲಿಮರ್ ಒಡೆಯುವುದು ತಡವಾಗುತ್ತದೆ, ಅಂದರೆ ಬದಲಾಗುವುದು ಮುಂದಿನ ವಾರಗಳ ಬಿಡುಗಡೆ. ಮೊದಲ ದಿನದ ಬರ್ಸ್ಟ್ ಮೇಲ್ಮೈಯಲ್ಲಿ, ಹೊರಕ್ಕೆ ತೆರೆದ ರಂಧ್ರಗಳಲ್ಲಿ ಕುಳಿತ ಔಷಧದ್ದು. ಕಣ ತಯಾರಿಸುವಾಗ ಪಾಲಿಮರ್ ಹನಿ ಗಟ್ಟಿಯಾಗುವಾಗಲೇ ಅದು ಬಹುಪಾಲು ತೀರ್ಮಾನವಾಗಿರುತ್ತದೆ.

ಡಬಲ್ ಎಮಲ್ಷನ್‌ಗೆ (ಔಷಧದ ನೀರನ್ನು ಪಾಲಿಮರ್ ದ್ರಾವಣದಲ್ಲಿ, ಅದನ್ನು ಮತ್ತೆ ಹೊರಗಿನ ನೀರಿನಲ್ಲಿ ಹನಿಯಾಗಿಸುವ ವಿಧಾನ) ಹೀಗೆ ಶುರುಮಾಡಬಹುದು: 1 ಗ್ರಾಂ ಪಾಲಿಮರ್ 5 ಮಿ.ಲೀ. ಡೈಕ್ಲೋರೋಮೀಥೇನ್‌ನಲ್ಲಿ, ಪೆಪ್ಟೈಡ್ ದ್ರಾವಣ 0.5 ಮಿ.ಲೀ., ಹೊರಗೆ ಹನಿಗಳನ್ನು ಬಿಡಿಬಿಡಿಯಾಗಿಡುವ ಪಿವಿಎ (ಪಾಲಿವಿನೈಲ್ ಆಲ್ಕೊಹಾಲ್) 1% ದ್ರಾವಣ 200 ಮಿ.ಲೀ., ದ್ರಾವಕ ಆರಲು 3–4 ಗಂಟೆ ಕಲಕುವುದು. ಒಳಗಿನ ನೀರು 1.5 ಮಿ.ಲೀ. ಆದರೆ ಕಣ ಸ್ಪಂಜಿನಂತಾಗುತ್ತದೆ. ಆ ನೀರಿನಲ್ಲಿ ಬಫರ್ ಲವಣವೋ ಸುಕ್ರೋಸೋ ಇದ್ದರೆ ಆಸ್ಮೋಸಿಸ್‌ನಿಂದ ಹೊರಗಿನ ನೀರು ಒಳನುಗ್ಗಿ ಕಾಲುವೆ ಕೊರೆಯುತ್ತದೆ. ಹೊರಗಿನ ನೀರಿಗೂ ಸೋಡಿಯಂ ಕ್ಲೋರೈಡ್ ಸೇರಿಸಿ ಸರಿದೂಗಿಸಿ, 0.9%ರಿಂದ ಆರಂಭಿಸಿ, ಒಳಗಿನ ಸಾಂದ್ರತೆ ನೋಡಿ ಏರಿಸಿ. ಪಾಲಿಮರ್ ಮುಟ್ಟುವ ಮೊದಲು ಇದನ್ನು ಮಾಡಿನೋಡಲೇಬೇಕು.

ಪಿವಿಎ ತೀರಾ ಕಡಿಮೆಯಾದರೆ ಹನಿಗಳು ಕೂಡಿಕೊಳ್ಳುತ್ತವೆ. ಹೆಚ್ಚಾದರೆ ಕಣ ಚಿಕ್ಕದಾಗಿ, ಮೇಲ್ಮೈ ಹೆಚ್ಚಿ, ಬರ್ಸ್ಟ್ ಮತ್ತೆ ಏರುತ್ತದೆ.

ಪಾಲಿಮರ್‌ನ ಸರಪಳಿಯ ತುದಿಯಲ್ಲಿರುವ ರಾಸಾಯನಿಕ ಗುಂಪಿಗೆ ಸಿಗಬೇಕಾದ ಗಮನ ಸಿಗುತ್ತಿಲ್ಲ. ಆಮ್ಲ ತುದಿಯದ್ದು ಧನ ಆವೇಶದ ಪೆಪ್ಟೈಡನ್ನು ಹಿಡಿದಿಟ್ಟು ಬರ್ಸ್ಟ್ ತಗ್ಗಿಸಬಲ್ಲದು. ಆದರೆ ನೀರನ್ನೂ ಬೇಗ ಹೀರಿ, ಎಸ್ಟರ್ ತುದಿಯದ್ದಕ್ಕಿಂತ ಮೊದಲೇ ಒಡೆಯುತ್ತದೆ. ಒಡೆದಂತೆ ಒಳಗೆ ಆಮ್ಲ ಕೂಡಿ ಪ್ರೋಟೀನ್ ಕೆಡುತ್ತದೆ. ಆ ಆಮ್ಲವನ್ನು ತಣಿಸಲು ಸುಮಾರು 3% ಮೆಗ್ನೀಷಿಯಂ ಹೈಡ್ರಾಕ್ಸೈಡ್ ಸೇರಿಸುವುದುಂಟು.

ಮನೋರೋಗದ ಔಷಧ ರಿಸ್ಪೆರಿಡೋನ್‌ನಂಥ ದುರ್ಬಲ ಪ್ರತ್ಯಾಮ್ಲದ ಲೆಕ್ಕವೇ ಬೇರೆ. ಅದು ನೇರವಾಗಿ ದ್ರಾವಕದಲ್ಲೇ ಕರಗುತ್ತದೆ, ಆದರೆ ಹೊರಗಿನ ನೀರು ಆಮ್ಲೀಯವಾದರೆ ಅಯಾನಾಗಿ ತಪ್ಪಿಸಿಕೊಳ್ಳುತ್ತದೆ. ಹಾಗಾಗಿ ಪಿಎಚ್ ಏರಿಸಿಡಬೇಕು. ಅದರ ಪಿಎಲ್‌ಜಿಎ ಚುಚ್ಚುಮದ್ದು ರಿಸ್ಪರ್ಡಾಲ್ ಕಾನ್ಸ್ಟಾದಲ್ಲಿ ಮೊದಲು ಬಿಡುಗಡೆಯಾಗುವುದು 1%ಕ್ಕಿಂತ ಕಡಿಮೆ. ಮುಖ್ಯ ಬಿಡುಗಡೆ ಮೂರನೇ ವಾರದ ನಂತರ. ಅಷ್ಟು ದಿನ ರೋಗಿ ಮಾತ್ರೆ ನುಂಗಬೇಕು. ಬರ್ಸ್ಟ್ ಇಲ್ಲವೆಂಬುದೂ ಚಿಕಿತ್ಸೆಗೆ ತೊಡಕೇ.

ಒಣಗಿಸುವಾಗ ಅವಸರ ಬೇಡ. ಉಳಿದ ಡೈಕ್ಲೋರೋಮೀಥೇನ್ ಪಾಲಿಮರನ್ನು ಮೆದುಗೊಳಿಸುವುದರಿಂದ ಬಿಸಿ ತಾಗಿದರೆ ಕಣಗಳು ಅಂಟಿಕೊಳ್ಳುತ್ತವೆ. ಔಷಧ ಗುಣಮಟ್ಟದ ಅಂತರರಾಷ್ಟ್ರೀಯ ಸಂಸ್ಥೆ ಐಸಿಎಚ್ ಇದಕ್ಕೆ ಇಟ್ಟ ಮಿತಿ 600 ಪಿಪಿಎಂ. ಬಿಡುಗಡೆ ಪರೀಕ್ಷೆಯ ಪಿಎಚ್ 7.4 ಬಫರ್‌ಗೆ ಕಣಗಳನ್ನು ಚದುರಿಸಿಡುವ ಟ್ವೀನ್ 80 0.02% ಹಾಕಿ. ಇಲ್ಲದಿದ್ದರೆ ಕಣಗಳು ತಳದಲ್ಲಿ ಮುದ್ದೆಯಾಗಿ, ಬರ್ಸ್ಟ್ ಇರುವುದಕ್ಕಿಂತ ಕಡಿಮೆ ಕಾಣುತ್ತದೆ.