ಹಳೆ ಕಾರಿನ ಮೀಟರ್ ಓದುವುದು ಹೇಗೆ?

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಬಂದವರು ಬಾನೆಟ್ ಎತ್ತುವ ಮೊದಲೇ ಕೇಳುವುದು, ‘ಎಷ್ಟು ಓಡಿದೆ?’ ಅಂದರೆ ಮೀಟರ್ ತೋರಿಸುವ, ಒಟ್ಟು ಓಡಿದ ಕಿಲೋಮೀಟರ್.

ಮೀಟರಿನ ಅಂಕಿಯನ್ನು ಗಾಡಿಯ ವಯಸ್ಸಿನಿಂದ ಭಾಗಿಸದೆ ಬೆಲೆ ಮಾತಾಡಬೇಡಿ. ಮನೆ ಬಳಕೆಯ ಕಾರು ವರ್ಷಕ್ಕೆ 10ರಿಂದ 12 ಸಾವಿರ ಕಿ.ಮೀ. ಓಡುವುದು ಸಹಜ. ಐದು ವರ್ಷಕ್ಕೆ 55,000 ಆಗಿದ್ದರೆ ಆ ಕಾರಣಕ್ಕೆ ಬೆಲೆ ಏರಿಳಿಯಬೇಕಾಗಿಲ್ಲ. ಅಷ್ಟೇ ವರ್ಷಕ್ಕೆ 1,20,000 ಆಗಿದ್ದರೆ ಟ್ಯಾಕ್ಸಿಗೆ ಓಡಿತ್ತೇನೋ ಎಂಬ ಅನುಮಾನ ಬರುತ್ತದೆ, ಬೆಲೆ ಬೀಳುತ್ತದೆ.

ಮೀಟರ್ ದೂರ ಎಣಿಸುತ್ತದೆ, ಎಂಜಿನ್ ಓಡಿದ ಗಂಟೆಗಳನ್ನು ಎಣಿಸುವುದಿಲ್ಲ. ಬೆಂಗಳೂರಿನ ಸಿಲ್ಕ್ ಬೋರ್ಡ್, ಮಾರತಹಳ್ಳಿ ಕಡೆ ಗಂಟೆಗೆ ಸರಾಸರಿ 20 ಕಿ.ಮೀ.ನಂತೆ ತೆವಳಿದ ಕಾರಿಗೆ 50,000 ಕಿ.ಮೀ. ಅಂದರೆ 2,500 ಗಂಟೆ. ಹುಬ್ಬಳ್ಳಿ ಹೈವೇಯಲ್ಲಿ ಸರಾಸರಿ 60ರಲ್ಲಿ ಓಡಿದ ಕಾರಿಗೆ ಅದೇ ದೂರ ಸುಮಾರು 830 ಗಂಟೆ. ಸಿಟಿ ಗಾಡಿಯ ಕ್ಲಚ್ಚು, ಬ್ರೇಕು ಎರಡೂ ಬೇಗ ಸವೆದಿರುತ್ತವೆ. ಕ್ಲಚ್ ನೋಡಬೇಕೆಂದರೆ ಮುಂದೆ ಯಾರೂ ಇಲ್ಲದ ಸಮತಟ್ಟು ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿ ಎಳೆದು, ಮೂರನೇ ಗೇರಿಗೆ ಹಾಕಿ, ನಿಧಾನಕ್ಕೆ ಕ್ಲಚ್ ಬಿಡಿ. ಎಂಜಿನ್ ತಕ್ಷಣ ಆಫ್ ಆಗಬೇಕು. ಆಗದೆ ಓಡುತ್ತಲೇ ಇದ್ದರೆ ಕ್ಲಚ್ ಸ್ಲಿಪ್ ಆಗುತ್ತಿದೆ, ಅಂದರೆ ಹಿಡಿತ ಬಿಟ್ಟು ಜಾರುತ್ತಿದೆ. ಒಂದು ಸಲ ಸಾಕು, ಮತ್ತೆ ಮತ್ತೆ ಮಾಡಬೇಡಿ.

ಬೆಲೆ ಇಳಿಯುವುದಕ್ಕೆ ನಿಜವಾದ ಕಾರಣ ಮುಂದೆ ಬರಲಿರುವ ಖರ್ಚು. 45,000 ಆಗಿದ್ದರೆ ನಾಲ್ಕು ಟೈರ್ ಬದಲಿಸುವ ಖರ್ಚು ಹತ್ತಿರದಲ್ಲೇ ಇದೆ. 70–80 ಸಾವಿರದ ಹೊತ್ತಿಗೆ ಕ್ಲಚ್ ಸೆಟ್, ಸಸ್ಪೆನ್ಷನ್ ಬುಷ್ (ಚಕ್ರದ ಜೋಡಣೆಯ ರಬ್ಬರ್ ತುಂಡುಗಳು) ಬದಲಿಸುವ ಖರ್ಚು ಬರುತ್ತವೆ. ರೆನೋ ಡಸ್ಟರ್ ಡೀಸೆಲ್‌ನಂಥ ಟೈಮಿಂಗ್ ಬೆಲ್ಟ್ (ವಾಲ್ವ್‌ಗಳನ್ನೂ ಪಿಸ್ಟನ್‌ಗಳನ್ನೂ ತಾಳ ತಪ್ಪದಂತೆ ಓಡಿಸುವ ಪಟ್ಟಿ) ಇರುವ ಎಂಜಿನ್ ಆದರೆ ಬೆಲ್ಟ್ ಬದಲಿಸಿದ ಬಿಲ್ ಕೇಳಲೇಬೇಕು. ಬೆಲ್ಟ್ ಹರಿದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಎಂಜಿನ್ನೇ ಬಿಚ್ಚಬೇಕಾಗುತ್ತದೆ. ಈ ಕೆಲಸಗಳೆಲ್ಲ ಮುಗಿದು ಬಿಲ್ ಇರುವ 90,000ದ ಗಾಡಿ, ಏನೂ ಮಾಡಿಸದ 65,000ದ ಗಾಡಿಗಿಂತ ಒಳ್ಳೆಯ ವ್ಯಾಪಾರ. ಆದರೂ ಲಕ್ಷ ದಾಟಿತೆಂದರೆ ಕೊಳ್ಳುವವರು ಹಿಂಜರಿಯುತ್ತಾರೆ. ಮಾರುವ ಯೋಚನೆ ಹೇಗೂ ಇದ್ದರೆ 95,000ದೊಳಗೇ ಮುಗಿಸಿ.

ಕಡಿಮೆ ಓಡಿದೆ ಅಂತಲೂ ಮರುಳಾಗಬೇಡಿ. ಎಂಟು ವರ್ಷಕ್ಕೆ 20,000 ಮಾತ್ರ ಓಡಿದ ಗಾಡಿಯಲ್ಲಿ ಟೈರ್ ಗಟ್ಟಿಯಾಗಿ ಬಿರುಕು ಬಿಟ್ಟಿರಬಹುದು, ರಬ್ಬರ್ ಸೀಲುಗಳು ಒಣಗಿರಬಹುದು. 2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆ ನಿಯಮ) ಡೀಸೆಲ್ ಗಾಡಿ ಬರೀ ಮನೆ–ಅಂಗಡಿ ಓಡಾಟದಲ್ಲಿದ್ದರೆ ಹೊಗೆಯ ಮಸಿ ಹಿಡಿಯಲು ಸೈಲೆನ್ಸರ್ ಲೈನಿನಲ್ಲಿರುವ ಡಿಪಿಎಫ್ ಫಿಲ್ಟರ್ ಕಟ್ಟಿಕೊಳ್ಳಬಹುದು.

ಇನ್ನು ಮೀಟರ್ ಹಿಂದಕ್ಕೆ ತಿರುಗಿಸುವ ಮೋಸ. ಡಿಜಿಟಲ್ ಮೀಟರನ್ನೂ ಲ್ಯಾಪ್‌ಟಾಪ್ ಹಾಕಿ ಇಳಿಸುತ್ತಾರೆ. ಹಿಡಿಯಲು ಟೈರಿನ ಪಕ್ಕೆ ನೋಡಿ: ‘DOT’ ಎಂದು ಇಂಗ್ಲಿಷಿನಲ್ಲಿ ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ. 2321 ಅಂದರೆ 2021ರ 23ನೇ ವಾರ ತಯಾರಾದದ್ದು. ಗಾಡಿ 2018ರದ್ದು, ಮೀಟರ್ 32,000, ನಾಲ್ಕೂ ಟೈರ್ 2021ರವು ಅಂದರೆ ಲೆಕ್ಕ ಕೂಡುವುದಿಲ್ಲ. ಮೊದಲ ಸೆಟ್ ಅಷ್ಟು ಬೇಗ ಯಾಕೆ ಹೋಯಿತು ಎಂದು ಕೇಳಿ. ಸ್ಟೆಪ್ನಿಯ ತಾರೀಖನ್ನೂ ತಾಳೆ ನೋಡಿ. ಕ್ಲಚ್ ಪೆಡಲಿನ ರಬ್ಬರ್ ಗೆರೆ ಸವೆದು ನುಣ್ಣಗಾಗಿದ್ದರೆ, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ಕುಸಿದಿದ್ದರೆ 30,000ದ ಮಾತು ನಂಬುವಂಥದ್ದಲ್ಲ. ಪೆಡಲ್ ರಬ್ಬರ್ ಮಾತ್ರ ಹೊಚ್ಚಹೊಸದಾಗಿದ್ದರೂ ಅನುಮಾನ ಇರಲಿ.

ಕೊನೆಗೆ, ಮಾಲೀಕರನ್ನೇ ಜೊತೆಗೆ ಕರೆದುಕೊಂಡು ಕಂಪನಿ ಸರ್ವಿಸ್ ಸೆಂಟರಿಗೆ ಹೋಗಿ ಗಾಡಿ ನಂಬರ್ ಕೊಟ್ಟು ಹಳೆಯ ದಾಖಲೆ ತೆಗೆಸಿ. ಪ್ರತಿ ಸರ್ವಿಸ್ ಬಿಲ್ಲಿನಲ್ಲೂ ಆ ದಿನದ ಕಿಲೋಮೀಟರ್ ಇರುತ್ತದೆ. ಬರಲು ಮಾಲೀಕರು ಒಪ್ಪದಿದ್ದರೆ ಅಡ್ವಾನ್ಸ್ ಕೊಡಬೇಡಿ.