ಬುಂಡೆಸ್‌ಲಿಗಾದಲ್ಲಿ ಆಡಿದವರು ನಾಲ್ಕನೇ ದರ್ಜೆಯಲ್ಲಿ ಕೋಚ್ ಆಗುವುದೇಕೆ?

ಜರ್ಮನ್ ಫುಟ್‌ಬಾಲ್ ವಿಷಯ ಬಂದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ‘ಬುಂಡೆಸ್‌ಲಿಗಾದಂಥ ದೇಶದ ಅತಿ ಮೇಲಿನ ಲೀಗಿನಲ್ಲಿ ಆಡಿದವರು ಕೋಚ್ ಆದಮೇಲೆ ಹೆಸರೇ ಕೇಳದ ಕ್ಲಬ್ಬಿಗೆ ಹೋಗ್ತಾರಲ್ಲ, ಬೇರೆ ಯಾರೂ ಕರೆಯಲಿಲ್ವಾ?’

ಕರೆಯಲಿಲ್ಲ, ಅದು ನಿಜ. ಕರೆಯಬೇಕಾದ ಕಾರಣವೂ ಇರಲಿಲ್ಲ. ಆಡುವುದು ಒಂದು ಕಸುಬು, ಆಡಿಸುವುದು ಇನ್ನೊಂದು. ಎರಡನೆಯದನ್ನು ಬಹುಪಾಲು ಮಂದಿ ಕೆಳಗಿನ ಲೀಗುಗಳಲ್ಲೇ ಕಲಿಯಬೇಕು.

ಮೊದಲು ಕಾಗದಪತ್ರದ ಮಾತು. ಜರ್ಮನಿಯಲ್ಲಿ ಕೋಚಿಂಗ್ ಲೈಸೆನ್ಸುಗಳು ಸಿ, ಬಿ, ಎ ಎಂದು ಏರುತ್ತವೆ. ತುದಿಯಲ್ಲಿರುವುದು ಪ್ರೊ ಲೈಸೆನ್ಸ್. ಹಳಬರು ಈಗಲೂ ಅದನ್ನು ‘ಫುಸ್‌ಬಾಲ್‌ಲೇರರ್’, ಅಂದರೆ ಫುಟ್‌ಬಾಲ್ ಮೇಷ್ಟ್ರು ಎನ್ನುತ್ತಾರೆ. ಮೇಲಿನ ಮೂರು ಲೀಗುಗಳಲ್ಲಿ ಮುಖ್ಯ ಕೋಚ್ ಆಗಲು ಇದು ಬೇಕೇ ಬೇಕು. ನಾಲ್ಕನೆಯದಾದ ರೀಜನಲ್‌ಲಿಗಾದಲ್ಲಿ ಎ ಲೈಸೆನ್ಸ್ ಇದ್ದರೆ ನಡೆಯುತ್ತದೆ. ಹಾಗಾಗಿ ಪ್ರೊ ಲೈಸೆನ್ಸ್ ಕೈಗೆ ಬರುವ ಮುಂಚೆ ವಯಸ್ಕರ ತಂಡವೊಂದನ್ನು ಸ್ವತಂತ್ರವಾಗಿ ನಡೆಸಲು ಸಿಗುವ ಅತಿ ಎತ್ತರದ ಜಾಗ ಈ ನಾಲ್ಕನೇ ದರ್ಜೆ.

ಸ್ಟೆಫೆನ್ ಬೌಮ್‌ಗಾರ್ಟ್ ಅವರನ್ನೇ ನೋಡಿ. 1972ರಲ್ಲಿ ರೋಸ್ಟಾಕ್‌ನಲ್ಲಿ ಹುಟ್ಟಿದವರು. ಹನ್ಸಾ ರೋಸ್ಟಾಕ್, ವೋಲ್ಫ್ಸ್‌ಬುರ್ಗ್, ಎನರ್ಗೀ ಕೊಟ್‌ಬುಸ್ ಪರ ಬುಂಡೆಸ್‌ಲಿಗಾದಲ್ಲಿ 225 ಪಂದ್ಯ, 29 ಗೋಲು. ಕೌಶಲಕ್ಕಿಂತ ಓಟಕ್ಕೆ, ಜಿದ್ದಿಗೆ ಹೆಸರಾದ ಫಾರ್ವರ್ಡ್. ಆಟಗಾರನಾಗಿ ಕೊನೆಯ ನಿಲ್ದಾಣ ಮಾಗ್ಡೆಬುರ್ಗ್. ಕೋಚ್ ಆಗಿ ಮೊದಲ ದೊಡ್ಡ ಕೆಲಸವೂ ಅಲ್ಲೇ, ನಾಲ್ಕನೇ ದರ್ಜೆಯಲ್ಲಿ. 2010ರಲ್ಲಿ ಸೀಸನ್ ಮುಗಿಯುವ ಮುನ್ನವೇ ಆ ಕೆಲಸ ಹೋಯಿತು. ಆಮೇಲೆ ಹನ್ಸಾದಲ್ಲಿ ಸಹಾಯಕ, ಬರ್ಲಿನ್ನಿನ ಕ್ಯೋಪೆನಿಕ್‌ನಲ್ಲಿ ಒಂದು ಬಡಾವಣೆ ಕ್ಲಬ್, ನಂತರ ಬರ್ಲೀನರ್ ಎಕೆ. 2015-16ರಲ್ಲಿ ಬರ್ಲೀನರ್ ಎಕೆ ಈಶಾನ್ಯ ರೀಜನಲ್‌ಲಿಗಾದಲ್ಲಿ ಎರಡನೆಯದಾಯಿತು.

ಎರಡನೇ ಸ್ಥಾನ ಎಂದರೆ ಅಲ್ಲಿ ಏನೂ ಸಿಗದು. ಆಗಿನ ಪದ್ಧತಿಯಂತೆ ಐದು ರೀಜನಲ್‌ಲಿಗಾಗಳ ಚಾಂಪಿಯನ್ನರು ಮತ್ತು ನೈಋತ್ಯ ವಿಭಾಗದ ಎರಡನೇ ತಂಡ, ಒಟ್ಟು ಆರು ತಂಡಗಳು ಮೂರನೇ ಲೀಗಿನ ಮೂರು ಜಾಗಕ್ಕೆ ಪ್ಲೇ-ಆಫ್ ಆಡಬೇಕಿತ್ತು. ಇಡೀ ವರ್ಷ ಗೆದ್ದು ಚಾಂಪಿಯನ್ ಆದ ತಂಡವೂ ಎರಡು ಪಂದ್ಯ ಎಡವಿದರೆ ಇದ್ದಲ್ಲೇ ಇರಬೇಕು. ಈಗ ಮೇಲೇರುವ ಜಾಗ ನಾಲ್ಕಾಗಿದೆ. ಐದು ಚಾಂಪಿಯನ್ನರಿಗೆ ನಾಲ್ಕು ಜಾಗ ಎಂಬ ಜಗಳ ಮಾತ್ರ ಹಾಗೇ ಉಳಿದಿದೆ. ಜರ್ಮನ್ ಫುಟ್‌ಬಾಲಿನಲ್ಲಿ ಇಷ್ಟು ಅನ್ಯಾಯದ ನಿಯಮ ಇನ್ನೊಂದಿಲ್ಲ.

2017ರ ಏಪ್ರಿಲ್‌ನಲ್ಲಿ ಪಾಡರ್‌ಬಾರ್ನ್ ಕ್ಲಬ್ಬು ಬೌಮ್‌ಗಾರ್ಟ್ ಅವರನ್ನು ಕರೆಯಿತು. 2014-15ರಲ್ಲಿ ಬುಂಡೆಸ್‌ಲಿಗಾದಲ್ಲಿದ್ದ ಕ್ಲಬ್ಬು ಸತತ ಎರಡು ವರ್ಷ ಕುಸಿದು ಮೂರನೇ ಲೀಗಿನ ತಳ ಹಿಡಿದಿತ್ತು. ಉಳಿದದ್ದು 5 ಪಂದ್ಯ. ತಂಡ ಚೇತರಿಸಿಕೊಂಡರೂ 18ನೇ ಸ್ಥಾನಕ್ಕೇ ನಿಂತಿತು. ಲೆಕ್ಕದ ಪ್ರಕಾರ ನಾಲ್ಕನೇ ದರ್ಜೆಗೆ ಬಿತ್ತು. ಉಳಿಸಿದ್ದು ಬೇರೆಯವರ ಎಡವಟ್ಟು. ಎರಡನೇ ದರ್ಜೆಯಿಂದ ಆಗಷ್ಟೇ ಬಿದ್ದಿದ್ದ 1860 ಮ್ಯೂನಿಕ್, ಮೂರನೇ ಲೀಗಿನ ಪರವಾನಗಿಗೆ ತೋರಿಸಬೇಕಿದ್ದ ಹಣವನ್ನು ಗಡುವಿನೊಳಗೆ ಹೊಂದಿಸಲಿಲ್ಲ. ತೆರವಾದ ಜಾಗದಲ್ಲಿ ಪಾಡರ್‌ಬಾರ್ನ್ ಉಳಿಯಿತು. ಈ ಅದೃಷ್ಟವನ್ನು ಬಿಟ್ಟು ಬೌಮ್‌ಗಾರ್ಟ್ ಕಥೆ ಹೇಳುವವರು ಅರ್ಧ ಕಥೆ ಹೇಳುತ್ತಾರೆ.

ಉಳಿದರ್ಧ ಅವರ ಕೈಗುಣವೇ. ಕ್ಲಬ್ಬಿನ ಆಟಗಾರರ ಆಯ್ಕೆ ನೋಡುತ್ತಿದ್ದವರು ಮಾರ್ಕುಸ್ ಕ್ರ್ಯೋಷೆ. ದುಡ್ಡಿಲ್ಲದ್ದರಿಂದ ಇತರರು ಕಣ್ಣೆತ್ತಿ ನೋಡದ ಕಡೆಯಿಂದ ತಂದರು. ಶ್ಪ್ರೋಕ್‌ಹ್ಯೋಫೆಲ್ ಎಂಬ ಸಣ್ಣ ಊರಿನ ಕ್ಲಬ್ಬಿನಿಂದ ಕ್ರಿಸ್ಟೋಫರ್ ಆಂಟ್ವಿ-ಅಜೆ, ಮೈನ್ಸ್‌ನಿಂದ ಫಿಲಿಪ್ ಕ್ಲೆಮೆಂಟ್, ರೋಟ್-ವೈಸ್ ಎಸ್ಸೆನ್‌ನಿಂದ ಕೈ ಪ್ರ್ಯೋಗರ್. ಹುಡುಕಿದ್ದು ವೇಗ, ಮತ್ತೆ ಮತ್ತೆ ಓಡುವ ತಾಕತ್ತು. ಏಕೆಂದರೆ ಆಡಬೇಕಿದ್ದ ಆಟಕ್ಕೆ ಅದೇ ಬಂಡವಾಳ.

ಆ ಆಟ ಹೀಗೆ. ಎದುರಾಳಿ ಹಿಂದಕ್ಕೆ ಪಾಸ್ ಕೊಟ್ಟ, ಅಥವಾ ಚೆಂಡು ಅಂಚುಗೆರೆ ಬಳಿಯ ಡಿಫೆಂಡರ್‌ಗೆ ಹೋಯಿತು, ಅಥವಾ ಯಾರದೋ ಕಾಲಿಗೆ ಸರಿಯಾಗಿ ಕೂರಲಿಲ್ಲ. ಇವೇ ಸಂಜ್ಞೆ, ಆ ಕ್ಷಣ ಮುಂದಿನವರು ನುಗ್ಗುತ್ತಾರೆ. ಚೆಂಡು ಕಸಿದರೆ ಅಡ್ಡ ಪಾಸಿಲ್ಲ, ನೇರ ಗೋಲಿನತ್ತ. ಎಡವಟ್ಟಾಗುವುದು ಹಿಂದೆ. ಮುಂದಿನವರು ನುಗ್ಗಿದಾಗ ಹಿಂದಿನ ನಾಲ್ವರು ಹೆದರಿ ಅಲ್ಲೇ ನಿಂತರೆ ನಡುವೆ ದೊಡ್ಡ ಬಯಲು ತೆರೆದುಕೊಳ್ಳುತ್ತದೆ, ಒಂದೇ ಪಾಸಿನಲ್ಲಿ ಎದುರಾಳಿ ಅಲ್ಲಿರುತ್ತಾನೆ. ಅವರೂ ಮೇಲೇರಿದರೆ ಬೆನ್ನ ಹಿಂದೆ ಖಾಲಿ, ತಲೆಯ ಮೇಲೆ ಚೆಂಡು ಹಾಕುತ್ತಾರೆ. ಬೌಮ್‌ಗಾರ್ಟ್ ಎರಡನೇ ಅಪಾಯವನ್ನು ಆರಿಸಿಕೊಂಡರು. ಮೂರನೇ ಲೀಗಿನಲ್ಲಿ ಅಷ್ಟು ಒತ್ತಡದ ನಡುವೆ ಕರಾರುವಾಕ್ಕಾಗಿ ಉದ್ದ ಪಾಸ್ ಹಾಕುವವರು ಕಡಿಮೆ ಎಂಬ ಲೆಕ್ಕಾಚಾರ.

ಲೆಕ್ಕ ಸರಿಹೋಯಿತು. 2017-18ರಲ್ಲಿ 38 ಪಂದ್ಯಗಳಲ್ಲಿ 90 ಗೋಲು, ಎರಡನೇ ಸ್ಥಾನ, ಬಡ್ತಿ. ಮರುವರ್ಷ ಎರಡನೇ ದರ್ಜೆಯಲ್ಲಿ ಮತ್ತೆ ಎರಡನೇ ಸ್ಥಾನ. ಕೊನೆಯ ದಿನ ಡ್ರೆಸ್ಡೆನ್‌ನಲ್ಲಿ 1-3ರಿಂದ ಸೋತರೂ ಬಡ್ತಿ ತಪ್ಪಲಿಲ್ಲ. ಬೋಖುಮ್‌ನಲ್ಲಿ 2-2 ಡ್ರಾ ಮಾಡಿಕೊಂಡ ಯೂನಿಯನ್ ಬರ್ಲಿನ್‌ಗೂ 57 ಪಾಯಿಂಟ್, ಪಾಡರ್‌ಬಾರ್ನ್‌ಗೂ 57. ಹೊಡೆದ ಮತ್ತು ಬಿಟ್ಟುಕೊಟ್ಟ ಗೋಲುಗಳ ಅಂತರದಲ್ಲಿ ಪಾಡರ್‌ಬಾರ್ನ್ 26, ಯೂನಿಯನ್ 21. ಹುಚ್ಚು ಧೈರ್ಯದಿಂದ ಹೊಡೆದ ಗೋಲುಗಳೇ ಕೈಹಿಡಿದವು.

ಬುಂಡೆಸ್‌ಲಿಗಾದಲ್ಲಿ ಅದೇ ಲೆಕ್ಕ ಉಲ್ಟಾ ಹೊಡೆಯಿತು. ಅಲ್ಲಿ ಉದ್ದ ಪಾಸ್ ಹಾಕುವವರಿಗೆ ಬರವಿಲ್ಲ. 2019ರ ನವೆಂಬರ್‌ನಲ್ಲಿ ಡಾರ್ಟ್‌ಮಂಡ್ ಅಂಗಳದಲ್ಲೇ 3-0 ಮುನ್ನಡೆ ಪಡೆದು 3-3ಕ್ಕೆ ಮುಗಿಸಿದರು, ಮರುಪಂದ್ಯದಲ್ಲಿ 1-6. ವರ್ಷದ ಕೊನೆಗೆ 20 ಪಾಯಿಂಟ್, ಕೊನೆಯ ಸ್ಥಾನ. ಆದರೂ ಕ್ಲಬ್ಬು ಕೋಚನ್ನು ಓಡಿಸಲಿಲ್ಲ. 2021ರಲ್ಲಿ ಕ್ಯೋಲ್ನ್ ಕ್ಲಬ್ಬು ಅವರನ್ನು ಕರೆದೊಯ್ದಿತು, ಮೊದಲ ವರ್ಷವೇ ಬುಂಡೆಸ್‌ಲಿಗಾದಲ್ಲಿ 7ನೇ ಸ್ಥಾನ. ಆಟದ ಧಾಟಿ ಬಹುತೇಕ ಅದೇ, ಮೇಲೇರಿ ನಿಂತ ಹಿಂದಿನ ಸಾಲೂ ಅದೇ. ಡಿಫೆಂಡರುಗಳು ಮಾತ್ರ ಹೆಚ್ಚು ಬೆಲೆಯವರು.